ಒಂದು ಉಂಗುರ ಹೆಚ್ಚು

ಸತ್ತದ್ದು ಬೆಳೆಯುವುದಿಲ್ಲ. ಜಮಖಂಡಿಯ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಣಿಶಾಸ್ತ್ರ ಕಲಿಸುತ್ತಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರಾದರೂ ವಿಚಿತ್ರದ ಕಥೆ ಹೇಳಲು ಬಂದರೆ ನಾನು ಎರಡೇ ಪ್ರಶ್ನೆ ಕೇಳುತ್ತಿದ್ದೆ: ನೋಡಿದವರು ಯಾರು, ಆಗಲೇ ಬರೆದಿಟ್ಟಿದ್ದಾರೆಯೇ? ನೋಡಿದವರು ಯಾವಾಗಲೂ ಚಿಕ್ಕಪ್ಪನ ಗೆಳೆಯರಾಗಿರುತ್ತಿದ್ದರು, ಬರೆದಿಟ್ಟವರು ಯಾರೂ ಇರುತ್ತಿರಲಿಲ್ಲ. ಹೀಗಾಗಿ ಮದುವೆ ಮನೆಯಲ್ಲಿ ನಾನು ಬಂದು ಕೂತರೆ ದೆವ್ವದ ಮಾತು ತಾನಾಗಿಯೇ ಜೋಳದ ಧಾರಣೆಯ ಕಡೆ ಹೊರಳುತ್ತಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ಆ ಎರಡು ಪ್ರಶ್ನೆಗಳಿಗೂ ನನ್ನ ಹತ್ತಿರ ಉತ್ತರವಿದೆ. ನೋಡಿದವಳು ನಾನೇ, ದಿನಾಂಕ ಹಾಕಿ ಬರೆದಿಟ್ಟಿದ್ದೇನೆ ಕೂಡ. ಆದರೂ ಏನೂ ಬಗೆಹರಿದಿಲ್ಲ.

ನನ್ನ ಸಂಶೋಧನೆ ಸಮುದ್ರದ ಹುಳಗಳ ಮೇಲೆ. ಸಮುದ್ರದಿಂದ ಇಷ್ಟು ದೂರ ಕುಳಿತು ಸಮುದ್ರದ ಹುಳ ನೋಡುತ್ತೇನೆ ಎಂದು ನಗುವವರು ನಗಲಿ, ನಾನೂ ನಕ್ಕಿದ್ದೇನೆ. ಮುಧೋಳದ ಹತ್ತಿರ ಹುಟ್ಟಿ ಬೆಳೆದವಳು ನಾನು. ಓದಲು ಕಾರವಾರಕ್ಕೆ ಹೋದಾಗ ಕೆಸರು ಜರಡಿ ಹಿಡಿದು ಹಿಡಿದು ಈ ಜೀವಿಗಳ ಗೀಳು ಹತ್ತಿಸಿಕೊಂಡೆ. ನೌಕರಿ ಸಿಕ್ಕಿ ಊರ ಕಡೆ ಬಂದ ಮೇಲೂ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ಬರುವುದು ತಪ್ಪಲಿಲ್ಲ. ಅಂಥ ಒಂದು ರಜೆಯಲ್ಲಿ, ಸಮುದ್ರದ ನೀರು ಒಳನುಗ್ಗುವ ಖಾರಿಯ ಬಾಯಲ್ಲಿ ಸಿಂಪಿಗಳ ಸಂದಿನಿಂದ, ಯಾವ ಪುಸ್ತಕದ ವಿವರಕ್ಕೂ ಹೊಂದದ ಒಂದು ಹುಳ ಸಿಕ್ಕಿತು. ಇಡಿಯಾಗಿ ಸಿಕ್ಕದ್ದು ಒಂದೇ, ಜೊತೆಗೆ ಮೂರು ತುಂಡು. ಅದನ್ನು ವರ್ಣಿಸಿ ಹೆಸರಿಡುವುದು ನನ್ನ ಬದುಕಿನ ದೊಡ್ಡ ಕೆಲಸವಾಗಲಿತ್ತು.

ಅದು ಹೇಗಿತ್ತು ಎಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಡುಬೆರಳಿನಷ್ಟು ಉದ್ದ, ಶಾವಿಗೆಗಿಂತ ತುಸು ದಪ್ಪ. ತಲೆಯ ಮೇಲೆ ನಾಲ್ಕು ಕಣ್ಣು, ಮುಂದಿನ ಜೋಡಿ ದೊಡ್ಡದು, ಹಿಂದಿನದು ಬರೀ ಚುಕ್ಕೆ. ಒಳಗೆ ಮಡಚಿಕೊಂಡ ಸೊಂಡಿಲು, ಅದರ ತುದಿಗೆ ಎರಡು ಕಪ್ಪು ದವಡೆ. ಅಲ್ಲಿಂದ ಬಾಲದವರೆಗೆ ಉಂಗುರದ ಹಿಂದೆ ಉಂಗುರ. ಪ್ರತಿ ಉಂಗುರದ ಎಡಕ್ಕೂ ಬಲಕ್ಕೂ ಮೋಟು ಕಾಲಿನಂಥ ಒಂದು ಚಾಚು, ಆ ಚಾಚಿನಿಂದ ಬೀಸಣಿಗೆಯಂತೆ ಹೊರಟ ಬಿರುಗೂದಲು. ಹೊಸತನವಿದ್ದದ್ದು ಈ ಬಿರುಗೂದಲಲ್ಲೇ. ಅದರ ತುದಿ ಎರಡು ಕವಲಾಗಿ, ಒಂದು ಕವಲು ಕುಡಗೋಲಿನ ಹಾಗೆ ಹಿಂದಕ್ಕೆ ಬಾಗಿತ್ತು. ಬಾಲದ ತುದಿಯಲ್ಲಿ ಎರಡು ದಾರದಂಥ ಎಳೆ. ಬದುಕಿರುವಾಗ ಇಂಥ ಹುಳಕ್ಕೆ ಹೊಸ ಉಂಗುರ ಮೊಳೆಯುವುದು ಬಾಲದ ಮುಂದಿರುವ ಸಣ್ಣ ಪಟ್ಟಿಯಿಂದ. ಸತ್ತು ಸ್ಪಿರಿಟ್ಟಿಗೆ ಬಿದ್ದ ಮೇಲೆ ಅದರ ಬೆಳವಣಿಗೆಯ ಲೆಕ್ಕ ಮುಗಿಯಿತು. ಒಂದೇ ಜಾತಿಯ ಎರಡು ಹುಳಗಳಿಗೆ ಉಂಗುರಗಳ ಸಂಖ್ಯೆ ಬೇರೆ ಇರಬಹುದು. ಆದರೆ ಯಾವ ಒಂದನ್ನು ಮುಂದಿಟ್ಟುಕೊಂಡು ಹೆಸರಿಡುತ್ತೇವೋ ಅದರ ಎಣಿಕೆ ಮಾತ್ರ ಬದಲಾಗುವಂತಿಲ್ಲ.

ಇಂಥ ಲೇಖನಕ್ಕೆ ಫೋಟೋ ಸಾಲದು, ಗೆರೆಯ ಚಿತ್ರ ಬೇಕು. ಸ್ಕೂಟಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ನನ್ನ ಕೈಯಲ್ಲಿ ಸಣ್ಣ ನಡುಕ ಉಳಿದಿತ್ತು. ಆಗ ನೆನಪಾದವರು ಬನಹಟ್ಟಿಯ ಮಲ್ಲಪ್ಪ ಮಾಸ್ತರರು. ಅವರು ಸಾಲಿ ಮಾಸ್ತರರಲ್ಲ. ಸೀರೆಯ ದಡಿಯ ನಕಾಶೆಯನ್ನು ಗ್ರಾಫ್ ಕಾಗದದ ಮೇಲೆ, ಒಂದು ಎಳೆಗೆ ಒಂದು ಮನೆಯಂತೆ, ರಬ್ಬರ್ ಮುಟ್ಟದೆ ತೆಗೆಯುವವರು. ಅರವತ್ತು ದಾಟಿದ್ದರೂ ಗೆರೆ ಅಲುಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಹೆಸರು ಅವರ ಎಣಿಕೆಗಿತ್ತು. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿನಲ್ಲಿ, ಎಳೆ ಕಡಿಮೆ ಬಿದ್ದಿವೆ ಎಂದು ಮಗ್ಗದ ಮಾಲಕರಿಗೂ ಹಾಸು ಸುತ್ತಿದವರಿಗೂ ತಕರಾರು ಬಂದರೆ ಮಾಸ್ತರರನ್ನು ಕರೆಸುತ್ತಿದ್ದರು. ಅವರು ಹೆಬ್ಬೆರಳಿನ ಉಗುರಿನಿಂದ ಎಳೆ ಸರಿಸುತ್ತ, ನೂರಕ್ಕೊಂದು ಗಂಟು ಹಾಕುತ್ತ, ಸಾವಿರಗಟ್ಟಲೆ ಎಣಿಸಿ ಒಂದು ಸಂಖ್ಯೆ ಹೇಳುತ್ತಿದ್ದರು. ಎರಡೂ ಕಡೆಯವರು ಅದನ್ನೊಪ್ಪಿ ಎದ್ದು ಹೋಗುತ್ತಿದ್ದರು.

ಬಿಡುವಿದ್ದ ದಿನ ಬೆಳಗಿನ ಬಸ್ಸಿಗೆ ಅವರು ಜಮಖಂಡಿಗೆ ಬರುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಮೊದಲ ಸಲ ಹುಳ ನೋಡಿದಾಗ ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, ಇದನ್ನು ನೇಯ್ದವರು ಯಾರೋ ಛಲೋ ಕೈಯವರು ಎಂದರು. ನನಗೆ ಆ ಮಾತು ಹಿಡಿಸಿತು. ಎರಡನೆಯ ದಿನ ಉಂಗುರ ಎಣಿಸಿದೆವು. ನಾನು ಐವತ್ತೆಂಟು ಎಂದೆ. ಅವರು ಸೂಜಿಯ ಮೊನೆ ಆಡಿಸುತ್ತ, ತುಟಿಯಲ್ಲೇ ಎಣಿಸುತ್ತ, ಹತ್ತಕ್ಕೊಂದು ಬೆರಳು ಮಡಚುತ್ತ ಹೋಗಿ ಐವತ್ತೊಂಬತ್ತು ಎಂದರು.

“ಬಾಲದ ಹಂತ್ಯಾಕ ಇನ್ನೊಂದ ಸಣ್ಣದ ಐತ್ರಿ, ಅಕ್ಕೋರ” ಎಂದರು.

ನಾನು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಗಲಗಲಿಯಿಂದ ದಿನಾ ಓಡಾಡುವ ಸಸ್ಯಶಾಸ್ತ್ರದ ಸಂಗಮೇಶ ಸರ್ ಅವರನ್ನು ಕರೆದೆ, ಅವರ ಎಣಿಕೆಯೂ ಐವತ್ತೆಂಟೇ ಬಂತು. ವಯಸ್ಸಿನ ಕಣ್ಣು ಮಾಸ್ತರ, ಚಾಳೀಸು ಬದಲಿಸಿಕೊಳ್ಳಿ ಎಂದು ನಾನು ತಮಾಷೆ ಮಾಡಿದೆ. ಸಂಗಮೇಶ ಸರ್ ನಕ್ಕರು, ಬಾಗಿಲಲ್ಲಿದ್ದ ಅಟೆಂಡರ್ ಬೀರಪ್ಪನೂ ನಕ್ಕ. ಮಾಸ್ತರರು ನಗಲಿಲ್ಲ. ಹೇಳಿದಂತೆ ಐವತ್ತೆಂಟೇ ತೆಗೆದರು. ಆದರೆ ಪೆನ್ಸಿಲ್ ಚಿತ್ರದಲ್ಲಿ ಬಾಲದ ಮುಂದೆ ಒಂದು ಉಂಗುರದಷ್ಟು ಜಾಗ ಖಾಲಿ ಬಿಟ್ಟಿದ್ದರು. ಯಾಕೆ ಎಂದರೆ, ಹಾಸು ಮುಗಿಯುವಾಗ ಕೊನೆಯ ಗೇಣುದ್ದ ನೇಯದೆ ಬಿಡುವುದು ಪದ್ಧತಿ, ಮುಂದಿನ ಹಾಸನ್ನು ಅದಕ್ಕೇ ಕೆಚ್ಚಬೇಕಲ್ಲ ಎಂದರು. ಕೆಚ್ಚುವುದು ಎಂದರೆ ಹಳೆಯ ಎಳೆಗೆ ಹೊಸ ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸುವುದು. ಗಂಟು ಕಾಣಬಾರದು. ಅದರಲ್ಲೂ ಮಾಸ್ತರರದು ಎತ್ತಿದ ಕೈ. ಇದು ಸೀರೆಯಲ್ಲ ಎಂದು ಹೇಳಿ ನಾನು ಆ ಜಾಗ ಮುಚ್ಚಿಸಿದೆ.

ಹನ್ನೊಂದು ದಿನದ ಮೇಲೆ, ಲೇಖನ ಕಳಿಸುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಹುಳವನ್ನು ಬಟ್ಟಲಿಗೆ ತೆಗೆದೆ. ಐವತ್ತೊಂಬತ್ತು ಉಂಗುರಗಳಿದ್ದವು.

ಮತ್ತೆ ಎಣಿಸಿದೆ. ಬಾಲದಿಂದ ತಲೆಯ ಕಡೆ ಎಣಿಸಿದೆ. ಸ್ಪಿರಿಟ್ಟಿಗೆ ಹಾಕಿದಾಗ ಹಿಡಿದಿದ್ದ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡೆ. ಫೋಟೋದಲ್ಲಿ ಐವತ್ತೆಂಟು, ಬಟ್ಟಲಿನಲ್ಲಿ ಐವತ್ತೊಂಬತ್ತು. ಬಾಲದ ಮುಂದೆ ತೆಳ್ಳಗೆ, ಬೆಳ್ಳಗೆ ಒಂದು ಹೊಸ ಉಂಗುರ. ಅದರ ಎರಡೂ ಬದಿಗೆ ಬಿರುಗೂದಲಿನ ಮೊನೆ ಆಗಷ್ಟೇ ಇಣುಕಿತ್ತು. ಮರುಕ್ಷಣವೇ ನನಗೆ ಎಲ್ಲ ತಿಳಿದುಹೋಯಿತು ಎನಿಸಿತು. ಹಿಂದಿನ ಸಲ ಮಾಸ್ತರರು ಬಂದಾಗ ನಾನು ಒಂದು ತಾಸು ಪಾಠಕ್ಕೆ ಹೋಗಿದ್ದೆ. ಹುಳದ ಮುಂದೆ ಅವರೊಬ್ಬರೇ ಇದ್ದರು. ಪಕ್ಕದಲ್ಲೇ ಆ ಮೂರು ತುಂಡುಗಳ ಶೀಶೆ. ಅವರ ಡಬ್ಬಿಯಲ್ಲಿ ಸೂಜಿ, ಮೇಣ, ಕೂದಲಿಗಿಂತ ಸಣ್ಣ ರೇಷ್ಮೆ ಎಳೆ. ಎಣಿಕೆ ತಪ್ಪಿತು ಎಂದು ಎಲ್ಲರೆದುರು ನಗಿಸಿಕೊಂಡವರು. ಇನ್ನೇನು ಬೇಕು?

ತುಂಡುಗಳಲ್ಲಿ ಒಂದು ಉಂಗುರ ಕಡಿಮೆಯಾಗಿದೆಯೇ ಎಂದು ನೋಡಲು ಹೋದೆ. ತುಂಡುಗಳನ್ನು ನಾನು ಮೊದಲು ಎಣಿಸಿಯೇ ಇರಲಿಲ್ಲ. ಪರರನ್ನು ಬರೆದಿಟ್ಟಿದ್ದೀರಾ ಎಂದು ಕೇಳುವವಳು ನಾನು! ಇನ್ನೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ತುಂಡುಗಳೆಲ್ಲ ಹುಳದ ನಡುಭಾಗದವು, ಬಲಿತವು. ಹೊಸ ಉಂಗುರ ಎಳೆಯದು. ಅದು ಅವುಗಳಿಂದ ಬಂದದ್ದಲ್ಲ ಎಂದು ನನ್ನ ಕಣ್ಣಿಗೆ ಅಂದೇ ಕಂಡಿತ್ತು. ಕಂಡದ್ದನ್ನು ಮನಸ್ಸು ಆಚೆ ತಳ್ಳಿತು. ಮಾಸ್ತರರ ಮೇಲೆ ಸಂಶಯಪಡುವುದು ಎಷ್ಟೋ ಸಲೀಸಾಗಿತ್ತು.

ಮರುವಾರ ಅವರು ಬಂದಾಗ ಕೂಡ್ರಿ ಎಂದು ಕೂಡ ಹೇಳಲಿಲ್ಲ. ಸಂಗಮೇಶ ಸರ್, ಬೀರಪ್ಪ ಇಬ್ಬರೂ ಅಲ್ಲೇ ಇದ್ದರು. ಹುಳದ ಬಾಲಕ್ಕೆ ಏನು ಜೋಡಿಸಿದ್ದೀರಿ ಎಂದು ನೇರವಾಗಿ ಕೇಳಿದೆ. ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

“ನಾ ಎಳಿ ಕೆಚ್ಚಾಂವ ಅಕ್ಕೋರ. ಜೀವಾ ಕೆಚ್ಚಾಕ ನನಗ ಬರೂದಿಲ್ರಿ.”

ಅಷ್ಟು ಹೇಳಿ ತಮ್ಮ ಡಬ್ಬಿ, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಹೋದರು. ಅವರು ಹೋದ ಮೇಲೆ ಬೀರಪ್ಪ, ಸತ್ತವರಿಗೂ ಉಗುರು ಕೂದಲು ಬೆಳೆಯುತ್ತವೆ ಎನ್ನುತ್ತಾರಲ್ಲ, ಹಾಗೇನಾದರೂ ಇರಬೇಕು ಎಂದ. ಅವು ಬೆಳೆಯುವುದಲ್ಲ, ಚರ್ಮ ಒಣಗಿ ಕುಗ್ಗುವುದು ಎಂದು ಅವನಿಗೆ ಪಾಠ ಹೇಳಿದೆ. ಲೇಖನವನ್ನು ಹಳೆಯ ಫೋಟೋ ಆಧಾರದ ಮೇಲೆ ಐವತ್ತೆಂಟು ಎಂದೇ ಕಳಿಸಿದೆ. ಚಿತ್ರಗಳು ಮಾಸ್ತರರವೇ. ಅವರಿಗೆ ಕೃತಜ್ಞತೆ ಹೇಳುವ ಸಾಲನ್ನು ಮಾತ್ರ ಹೊಡೆದುಹಾಕಿದೆ.

ಸಂಶಯ ಒಮ್ಮೆ ಹೊಕ್ಕರೆ ಒಬ್ಬರಿಗೇ ತೃಪ್ತಿಯಾಗುವುದಿಲ್ಲ. ಮಾಸ್ತರರು ಮತ್ತೆ ಬಂದು ಕೈಯಾಡಿಸಿದರೆ? ಬೀಗದ ಕೈ ಇರುವುದು ಬೀರಪ್ಪನ ಹತ್ತಿರ, ಅವನು ಚಿಮ್ಮಡದವನು, ಬನಹಟ್ಟಿಗೆ ಹತ್ತಿರದವನು. ಸಂಗಮೇಶ ಸರ್ ಯಾಕೆ ಈಚೆಗೆ ಪದೇ ಪದೇ ಪ್ರಯೋಗಾಲಯಕ್ಕೆ ಬರುತ್ತಾರೆ? ಪರೀಕ್ಷೆಯ ಉತ್ತರಪತ್ರಿಕೆಗಳ ಗಂಟಿಗೆ ಅರಗು ಹಾಕಿ ಮುದ್ರೆ ಒತ್ತುವ ಕೆಲಸ ನನಗೆ ವರ್ಷವರ್ಷದ ರೂಢಿ. ಹುಳದ ಶೀಶೆಗೂ ಹಾಗೇ ಬಟ್ಟೆ ಸುತ್ತಿ, ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿ, ಅಡ್ಡಲಾಗಿ ಸಹಿ ಮಾಡಿದೆ. ಅದನ್ನು ಮನೆಗೆ ತಂದು ಸೀರೆಗಳ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ.

ಒಂದು ತಿಂಗಳ ಮೇಲೆ, ರವಿವಾರ ಮಧ್ಯಾಹ್ನ, ಬಿಸಿಲು ಕಣ್ಣು ಕುಕ್ಕುವಾಗ ಅದನ್ನು ಬಿಚ್ಚಿದೆ. ಮುದ್ರೆ ಒಡೆದಿರಲಿಲ್ಲ. ಸಹಿ ಕದಡಿರಲಿಲ್ಲ. ಕಾಲೇಜಿನಿಂದ ತಂದಿಟ್ಟುಕೊಂಡಿದ್ದ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಹುಳಕ್ಕೆ ಅರವತ್ತು ಉಂಗುರಗಳಿದ್ದವು. ಹಿಂದಿನ ಸಲ ಮೊಳೆತಿದ್ದದ್ದು ಈಗ ಬಲಿತಿತ್ತು, ಅದರ ಬಿರುಗೂದಲಿಗೆ ಕುಡಗೋಲಿನ ಬಾಗು ಬಂದಿತ್ತು. ಅದರ ಹಿಂದೆ ಇನ್ನೊಂದು ಎಳೆಯದು.

ನನಗೆ ಹೆದರಿಕೆಯಾಯಿತು. ಹಗಲು ಹೊತ್ತಿನಲ್ಲಿ, ಪಕ್ಕದ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿರುವಾಗ, ನನ್ನದೇ ಮನೆಯಲ್ಲಿ ನನಗೆ ಹೆದರಿಕೆಯಾಯಿತು. ಆಮೇಲೆ ವಿಜ್ಞಾನದ ದಾರಿಗಳನ್ನೆಲ್ಲ ಹುಡುಕಿದೆ. ಸ್ಪಿರಿಟ್ಟಿನಲ್ಲಿ ಮೈ ಕುಗ್ಗಿ, ಒಳಗೆ ಮಡಚಿಕೊಂಡಿದ್ದ ಉಂಗುರ ಹೊರಬಿದ್ದಿರಬಹುದೇ? ಮೊದಲ ಫೋಟೋದಲ್ಲಿ ಬಾಲ ಪೂರಾ ಚಾಚಿಕೊಂಡಿದೆ, ಮಡಿಕೆ ಎಲ್ಲಿಂದ ಬಂತು? ನಾನೇ ಮೊದಲು ತಪ್ಪಾಗಿ ಎಣಿಸಿದ್ದೆನೇ? ಫೋಟೋ ಹಾಗೇ ಇದೆ, ಅದರಲ್ಲಿ ಯಾರು ಎಣಿಸಿದರೂ ಐವತ್ತೆಂಟೇ. ನಿದ್ದೆಗಣ್ಣಿನಲ್ಲಿ ನಾನೇ ಏನಾದರೂ ಮಾಡುತ್ತಿದ್ದೇನೆಯೇ? ಸಂಶಯ ಕಡೆಗೆ ನನ್ನ ಕೈಗಳ ಮೇಲೂ ಬಂತು. ನಡುಗುವ ಈ ಕೈಗೆ ಅಂಥ ಕೆಲಸ ಆಗುವುದಿಲ್ಲ ಎಂಬುದೊಂದೇ ಸಮಾಧಾನ.

ಏನೇ ಇರಲಿ, ಮಾಸ್ತರರು ತಪ್ಪು ಮಾಡಿರಲಿಲ್ಲ. ಇದು ಗೊತ್ತಾದ ದಿನವೇ ನಾನು ಬನಹಟ್ಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಏನೆಂದು ಹೇಳಲಿ? ಸತ್ತ ಹುಳ ಬೆಳೆದಿದೆ ಎಂದರೆ ಮೊದಲು ನಗುವವರು ನನ್ನ ವಿದ್ಯಾರ್ಥಿಗಳು. ಲೇಖನ ಅಚ್ಚಾಗಿ ಬಂತು, ಕಾಲೇಜಿನಲ್ಲಿ ಹಾರ ಹಾಕಿದರು, ನಾನು ಬಾಯಿಗೆ ಬೀಗ ಹಾಕಿಕೊಂಡೆ. ಏಳು ತಿಂಗಳು ಹೀಗೆ ಕಳೆಯಿತು. ಒಂದು ದಿನ ಸಂಗಮೇಶ ಸರ್ ಬಸ್ಸಿನಲ್ಲಿ ಕೇಳಿದ ಸುದ್ದಿಯನ್ನು ನಗುತ್ತಲೇ ಹೇಳಿದರು. ಬನಹಟ್ಟಿಯಲ್ಲಿ ಒಂದು ಹಾಸಿನ ತಕರಾರಿಗೆ ಮಾಸ್ತರರನ್ನು ಕರೆಯೋಣ ಎಂದಾಗ ಒಬ್ಬ, ಮೇಡಂ ಅವರ ಹುಳಕ್ಕೆ ಬಾಲ ಅಂಟಿಸಿ ಲೆಕ್ಕ ಸರಿ ಮಾಡಿದವರನ್ನೇ ಕರೆಯುತ್ತೀರಾ ಎಂದನಂತೆ. ಈಗ ಅವರನ್ನು ಯಾರೂ ಎಣಿಕೆಗೆ ಕರೆಯುವುದಿಲ್ಲವಂತೆ. ನಾವು ನಾಲ್ವರಷ್ಟೇ ಇದ್ದಾಗ ಆಡಿದ ಮಾತು ಅಲ್ಲಿಗೆ ಹೇಗೆ ಹೋಯಿತು ಎಂದು ನಾನು ಕೇಳಲಿಲ್ಲ. ಅವರು ನಗು ನಿಲ್ಲಿಸಿ ಹೊರಗೆ ನೋಡತೊಡಗಿದರು. ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಆಸ್ತಿ, ಜನ ನಂಬುವ ಎಣಿಕೆ. ಅದನ್ನು ಕಿತ್ತುಕೊಂಡವಳು ನಾನು.

ಮರುದಿನ ರಜೆ ಹಾಕಿ, ಶೀಶೆಯನ್ನು ಚೀಲದಲ್ಲಿಟ್ಟುಕೊಂಡು ಬನಹಟ್ಟಿಗೆ ಹೋದೆ. ಮಾಸ್ತರರು ಪರಿಚಯದವರ ಮಗ್ಗದ ಶೆಡ್ಡಿನಲ್ಲಿದ್ದರು. ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು, ನೇಕಾರರು ಚಹಾ ಕುಡಿಯುತ್ತ ಕೂತಿದ್ದರು. ಹೊರಗೆ ಕರೆದು ಮಾತಾಡಬೇಕು ಎಂದುಕೊಂಡು ಹೋಗಿದ್ದೆ. ಅವರನ್ನು ನೋಡಿದ ಮೇಲೆ ಅದು ಸರಿಯಲ್ಲ ಎನಿಸಿತು. ಆರೋಪ ಮಾಡಿದ್ದು ಎಲ್ಲರೆದುರು. ಅಲ್ಲೇ ನಿಂತು, ಮಾಸ್ತರರು ಹುಳಕ್ಕೆ ಏನೂ ಜೋಡಿಸಿಲ್ಲ, ನನ್ನ ಮಾತು ಸುಳ್ಳು, ನನ್ನದು ತಪ್ಪಾಯಿತು ಎಂದೆ. ಒಬ್ಬ ನೇಕಾರ, ಹಾಗಾದರೆ ಹುಳ ತಾನೇ ಬೆಳೆಯಿತೇ ಎಂದು ಕೇಳಿದ.

“ಬೆಳದೈತಿ. ಹ್ಯಾಂಗ ಬೆಳೀತು ನನಗ ಗೊತ್ತಿಲ್ರಿ” ಎಂದೆ.

ಯಾರೋ ಹಿಂದಿನಿಂದ ನಕ್ಕರು. ನಗಲಿ ಎನಿಸಿತು. ಮಾಸ್ತರರು ನಗಲಿಲ್ಲ, ನನಗೊಂದು ಸ್ಟೂಲ್ ಹಾಕಿಸಿದರು. ಆಮೇಲೆ ಹುಳ ತಂದಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಬಾಗಿಲ ಬೆಳಕಿನಲ್ಲಿ ಬಟ್ಟಲು ಇಟ್ಟು, ಎಳೆ ನೋಡುವ ತಮ್ಮ ಭೂತಗನ್ನಡಿ ಹಿಡಿದು, ಬೆರಳು ಮಡಚುತ್ತ ಎಣಿಸಿದರು. ಎಲ್ಲರೂ ಸುತ್ತ ನಿಂತಿದ್ದರು.

“ಅರವತ್ತೊಂದ್ರಿ” ಎಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಎಣಿಸಿದೆ. ನಿಧಾನವಾಗಿ, ಎರಡು ಸಲ ಎಣಿಸಿದೆ. ನನಗೆ ಕಂಡದ್ದು ಅರವತ್ತು. ಬಾಲದ ಮುಂದಿನ ಆ ಪಟ್ಟಿಯನ್ನು ಕಣ್ಣು ನೋಯುವವರೆಗೆ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ಹಿಡಿಯುವ ಭೂತಗನ್ನಡಿಗೆ ಕಾಣದ್ದು ಸೂಕ್ಷ್ಮದರ್ಶಕಕ್ಕೆ ಕಂಡೀತು ಎನ್ನಬಹುದು, ಆದರೆ ಅದೇ ಭೂತಗನ್ನಡಿಯಲ್ಲಿ ಅವರಿಗೆ ಕಂಡಿತ್ತಲ್ಲ. ತಲೆ ಎತ್ತಿದಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮಾಸ್ತರರು ಮಾತ್ರ ಬಟ್ಟಲನ್ನು ನೋಡುತ್ತಿದ್ದರು. ಅವರು ನನ್ನನ್ನು ಏನೂ ಬೇಡಲಿಲ್ಲ.

ಶೀಶೆಯೊಳಗೆ ಇಡುವ ಚೀಟಿಯನ್ನು ನಾವು ಪೆನ್ಸಿಲಿನಲ್ಲಿ ಬರೆಯುತ್ತೇವೆ, ಸ್ಪಿರಿಟ್ಟಿಗೆ ಅಳಿಯಬಾರದು ಎಂದು. ಚೀಲದಿಂದ ಹೊಸ ಚೀಟಿ ತೆಗೆದು, ಹುಳದ ಹೆಸರು, ಸಿಕ್ಕ ಜಾಗ ಬರೆದೆ. ಅದರ ಕೆಳಗೆ, ಉಂಗುರಗಳು ಅರವತ್ತೊಂದು, ಎಣಿಸಿದವರು ಮಲ್ಲಪ್ಪ ಮಾಸ್ತರ, ಬನಹಟ್ಟಿ ಎಂದು ಬರೆದು ಎಲ್ಲರಿಗೂ ಓದಿ ಹೇಳಿದೆ. ನನ್ನ ಕಣ್ಣಿಗೆ ಕಾಣದ್ದನ್ನು ನಾನು ಬರೆದದ್ದು ಅದೊಂದೇ ಸಲ. ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ತಿಳಿಯದು, ಆದರೆ ಬರೆಯುವಾಗ ಕೈ ನಡುಗಲಿಲ್ಲ.

ಈಗ ಮಾಸ್ತರರನ್ನು ಮತ್ತೆ ಎಣಿಕೆಗೆ ಕರೆಯುತ್ತಾರಂತೆ. ಲೇಖನ ಅಚ್ಚಾದ ಪತ್ರಿಕೆಗೆ ಬರೆದು ಚಿತ್ರಗಳಿಗೆ ಅವರ ಹೆಸರು ಸೇರಿಸಿದೆ. ಸಂಖ್ಯೆಯ ಬಗ್ಗೆ ಏನೂ ಬರೆಯಲಿಲ್ಲ, ಯಾವ ಭಾಷೆಯಲ್ಲಿ ಬರೆಯಲಿ? ಹೆಸರಿಟ್ಟ ಹುಳವನ್ನು ದೂರದ ಸಂಗ್ರಹಾಲಯಕ್ಕೆ ಒಪ್ಪಿಸುವುದು ನಿಯಮ, ಆ ವಾರವೇ ಒಪ್ಪಿಸಿದೆ. ಅಲ್ಲಿಂದ ಮುಟ್ಟಿತು ಎಂಬ ರಸೀದಿ ಬಂತು, ಬೇರೇನೂ ಬಂದಿಲ್ಲ. ಲೇಖನದಲ್ಲಿ ಐವತ್ತೆಂಟು, ಚೀಟಿಯಲ್ಲಿ ಅರವತ್ತೊಂದು. ಯಾರಾದರೂ ಎಣಿಸಿದ್ದರೆ ಇಷ್ಟರಲ್ಲಿ ಕೇಳಬೇಕಿತ್ತು.

ನಾನೇ ಬರೆದು ಕೇಳಬಹುದು. ದಯವಿಟ್ಟು ಉಂಗುರ ಎಣಿಸಿ ತಿಳಿಸಿ ಎಂಬ ಒಂದು ಸಾಲು ಸಾಕು. ಹಲವು ಸಲ ಬರೆಯಲು ಕೂತು ಎದ್ದಿದ್ದೇನೆ. ಅರವತ್ತು ಎಂದು ಉತ್ತರ ಬಂದರೆ ನಾನು ಮಾಸ್ತರರನ್ನು ಎರಡನೆಯ ಸಲ ಸುಳ್ಳು ಮಾಡಿದಂತಾಗುತ್ತದೆ. ಅರವತ್ತೊಂದು ಎಂದು ಬಂದರೆ, ಅಲ್ಲಿಗೆ ನಿಂತಿದೆಯೇ ಎಂದು ಮತ್ತೆ ಕೇಳಬೇಕಾಗುತ್ತದೆ.